ಯಾರ ಕೈ, ಯಾರ ಮುಖ?

"ಇದ್ಯಾವ ಊರಿನ ಅಮ್ಮಾರೋ ಮಗಾ?" ಅಂತ ನಮ್ಮವ್ವ ಕೇಳಿದಳು. ನಾನು ಬರೆದದ್ದು ಅವಳದೇ ಮುಖ. ಒಂದು ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಅವಳನ್ನು ಕೂರಿಸಿಕೊಂಡು ಎರಡು ತಾಸು ಬಳಪ ಉಜ್ಜಿ ಬರೆದಿದ್ದೆ. ಅವಳು ತಮಾಷೆಗೆ ಕೇಳಲಿಲ್ಲ, ನಿಜವಾಗಿಯೂ ಗುರುತು ಸಿಗದೆ ಕೇಳಿದಳು. ಕಾಗದ ತಿರುಗಿಸಿಕೊಂಡು ನೋಡಿದೆ. ತೆಳು ತುಟಿ, ನೀಳ ಮೂಗು, ಯಾರ ಹಂಗೂ ಇಲ್ಲದೆ ಎಲ್ಲೋ ದೂರ ನೋಡುವ ಕಣ್ಣು. ಐನೂರು ವರ್ಷದ ಹಿಂದಿನ ಇಂಗ್ಲೆಂಡಿನ ದೊರೆಸಾನಿಯೊಬ್ಬಳು ನಮ್ಮವ್ವನ ಸೀರೆ ಉಟ್ಟುಕೊಂಡು ಕೂತಿದ್ದಳು.

ಆ ದೊರೆಸಾನಿ ನಮ್ಮ ಕೇರಿಗೆ ಬಂದ ದಾರಿ ಹೇಳಬೇಕು. ನಾನು ಬಳ್ಳಿಗಾವಿ ಸೀಮೆಯ ಡ್ರಾಯಿಂಗ್ ಮೇಷ್ಟ್ರು. ಮಡಕೆ, ಮಾವಿನಕಾಯಿ, ಹೂಬಳ್ಳಿ ಬರೆಯುವುದನ್ನು ಪರೀಕ್ಷೆಗೋಸ್ಕರ ಕಲಿತಿದ್ದೆ. ಮನುಷ್ಯರ ಮುಖ ಬರೆಯುವುದನ್ನು ಮಾತ್ರ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಹರಕು ಪುಸ್ತಕ ಸಿಕ್ಕಿತು. ಅದರ ತುಂಬ ಹಾನ್ಸ್ ಹೋಲ್ಬೈನ್ ಎಂಬ ಚಿತ್ರಗಾರ ಬಳಪದಲ್ಲಿ ಬರೆದ ಮುಖಗಳು. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಹುಟ್ಟಿದ ಈತ 1526ರಲ್ಲಿ ಇಂಗ್ಲೆಂಡಿಗೆ ಹೋದ, ಎರಡು ವರ್ಷ ಇದ್ದು ವಾಪಸು ಬಂದ, 1532ರಲ್ಲಿ ಮತ್ತೆ ಹೋಗಿ ಎಂಟನೆಯ ಹೆನ್ರಿ ರಾಜನ ಆಸ್ಥಾನದಲ್ಲಿ ಚಿತ್ರ ಬರೆದ, 1543ರಲ್ಲಿ ಲಂಡನ್ನಿನಲ್ಲೇ ಸತ್ತ. ಆಸ್ಥಾನದ ಗಂಡಸರು ಹೆಂಗಸರನ್ನು ಎದುರಿಗೆ ಕೂರಿಸಿಕೊಂಡು ಕಪ್ಪು ಬಳಪ, ಕೆಂಪು ಬಳಪದಲ್ಲಿ ಬರೆದ ಎಂಬತ್ತರಷ್ಟು ಹಾಳೆಗಳು ಇವತ್ತಿಗೂ ವಿಂಡ್ಸರ್ ಕೋಟೆಯಲ್ಲಿ ಅರಸುಮನೆತನದ ಸಂಗ್ರಹದಲ್ಲಿ ಇವೆ.

ಮೊದಲ ಆರು ತಿಂಗಳು ನಾನು ಬರೀ ನಕಲು ಮಾಡಿದೆ. ತಲೆ ಎಷ್ಟು ಓರೆಯಾಗಿದೆ, ಕಣ್ಣಿನ ಹೊರತುದಿಯಿಂದ ಕಿವಿಗೆ ಎಷ್ಟು ದೂರ ಅಂತ ಕಡ್ಡಿ ಹಿಡಿದು ಅಳೆದೆ. ತಲೆಯ ಎತ್ತರದ ಸರಿಸುಮಾರು ಅರ್ಧಕ್ಕೆ ಕಣ್ಣು ಬರುತ್ತದೆ, ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ ಇರುತ್ತದೆ ಅನ್ನುವುದು ನನಗೆ ಗೊತ್ತಾದದ್ದೇ ಆಗ. ಅಲ್ಲಿಯತನಕ ಎಲ್ಲ ಮಕ್ಕಳ ಹಾಗೆ ನಾನೂ ಹಣೆ ಗಿಡ್ಡ ಮಾಡಿ ಕಣ್ಣನ್ನು ಮೇಲಕ್ಕೆ ಏರಿಸುತ್ತಿದ್ದೆ. ಈ ಹೋಲ್ಬೈನ್ ಕೆನ್ನೆಗೆ ನೆರಳು ಬಹಳ ಹಚ್ಚುವವನಲ್ಲ. ಕೆನ್ನೆಯ ಅಂಚಿನ ಒಂದೇ ಗೆರೆ, ಅದು ಎಲ್ಲಿ ದಪ್ಪ ಎಲ್ಲಿ ತೆಳು ಅನ್ನುವುದರಲ್ಲೇ ಮೂಳೆ ಯಾವುದು ಮಾಂಸ ಯಾವುದು ಅಂತ ತಿಳಿಯುತ್ತದೆ. ಆ ಗೆರೆಯನ್ನು ಇಪ್ಪತ್ತು ಸಲ ಕೆಡಿಸಿದ ಮೇಲೆ ಒಂದು ಸಲ ಸರಿಯಾಗಿ ಬಂದಾಗ ಆಗುವ ಖುಷಿ ದೊಡ್ಡದು. ಸುಳ್ಳು ಯಾಕೆ ಹೇಳಲಿ, ಆ ಖುಷಿಯಲ್ಲಿ ನಾನು ಯಾರ ಮುಖ ಬರೆಯುತ್ತಿದ್ದೇನೆ ಅನ್ನುವುದನ್ನೇ ಮರೆತಿದ್ದೆ.

ಸಂಘಟನೆಯ ಗೆಳೆಯರೊಬ್ಬರು ಮನೆಗೆ ಬಂದವರು ಗೋಡೆಗೆ ಅಂಟಿಸಿದ್ದ ಹಾಳೆಗಳನ್ನು ನೋಡಿ ರೇಗಿದರು. "ರಾಜನ ಆಸ್ಥಾನದವನ ಎಂಜಲು ನಿನಗ್ಯಾಕಯ್ಯ? ಕೈ ಇದೆ, ಕಣ್ಣಿದೆ, ನಮ್ಮ ಜನ ಇದ್ದಾರೆ. ಹೋಗಿ ಬರಿ" ಅಂದರು. ಎಂಜಲು ಅನ್ನುವ ಮಾತು ನಮ್ಮಂಥವರಿಗೆ ಸುಮ್ಮನೆ ಕಿವಿಗೆ ಬಿದ್ದು ಹೋಗುವ ಮಾತಲ್ಲ. ಅದು ಬಹಳ ದಿನ ನನ್ನ ತಲೆಯಲ್ಲಿ ಕೊರೆಯಿತು. ಮೇಲಿನವರಿಗಾಗಿ ಹುಟ್ಟಿದ ಕಲೆಯನ್ನು ನಕಲು ಮಾಡಿ ಕಲಿಯುವುದು ಗುಲಾಮಗಿರಿಯೇ? ಈ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮೂರಿನಿಂದಲೇ ಶುರುಮಾಡೋಣ. ಬಳ್ಳಿಗಾವಿಯ ಕೇದಾರೇಶ್ವರ ಗುಡಿ ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಉಳಿಗೆ ಮೆತ್ತಗೆ ಸಿಗುವ ಕಲ್ಲು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಸ್ಲೇಟಿನ ಬಳಪದ ಹೆಸರೇ ಆ ಕಲ್ಲಿಗೂ ಬಂದಿದೆ. ಇಲ್ಲಿಯ ರೂವಾರಿಗಳ ಕೈ ಎಷ್ಟು ಹೆಸರುವಾಸಿಯಾಗಿತ್ತು ಅಂದರೆ, ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವ ಗುಡಿ ಕಟ್ಟಿಸಿದಾಗ ಅಲ್ಲಿಯ ಮದನಿಕೆಯರನ್ನು ಕಡೆದವರಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇದ್ದರು. ಅವರ ಹೆಸರು ಕಲ್ಲಿನ ಮೇಲೇ ಇದೆ. ರಾಜರ ಹೆಸರು ಮಾತ್ರ ಉಳಿಯುವ ಕಾಲದಲ್ಲಿ ದುಡಿದ ಕೈ ತನ್ನ ಹೆಸರು ಕೊರೆದುಕೊಂಡದ್ದು ಸಣ್ಣ ಮಾತಲ್ಲ. ಆದರೆ ಇನ್ನೊಂದು ಮಾತನ್ನೂ ಗಮನಿಸಬೇಕು: ದಾಸೋಜ, ಅವನ ಮಗ ಚಾವಣ. ಕೈಯ ವಿದ್ಯೆ ಅಪ್ಪನಿಂದ ಮಗನಿಗೆ ಇಳಿಯಿತು. ಚಾವಣನೂ ನಕಲು ಮಾಡಿಯೇ ಕಲಿತಿರಬೇಕು, ಅಪ್ಪನ ಉಳಿ ಹೋದ ದಾರಿಯಲ್ಲಿ ಉಳಿ ಓಡಿಸಿಯೇ ಕೈ ಪಳಗಿರಬೇಕು. ಅದನ್ನು ಯಾರೂ ಎಂಜಲು ಅನ್ನಲಿಲ್ಲ, ಪರಂಪರೆ ಅಂದರು. ಆ ಮನೆಯಲ್ಲಿ ಹುಟ್ಟದವನು ಕಲಿತರೆ ಮಾತ್ರ ಅದು ನಕಲು, ಕಳ್ಳತನ!

ನಮ್ಮ ಕೈಗಳಿಗೇನು ವಿದ್ಯೆ ಇರಲಿಲ್ಲವೇ? ಚರ್ಮ ಹದ ಮಾಡುವ ಕೈ, ತಮಟೆ ಬಿಗಿಯುವ ಕೈ, ಗದ್ದೆಯ ಬದು ಕಟ್ಟುವ ಕೈ ನಮ್ಮದು. ಆ ವಿದ್ಯೆಗೆ ವಿದ್ಯೆ ಎಂಬ ಹೆಸರು ಕೊಡಲಿಲ್ಲ, ಅಷ್ಟೆ. ಹುಟ್ಟಿನ ಬೀಗ ಹಾಕಿದ ಮನೆಗಳಲ್ಲಿ ವಿದ್ಯೆ ಇರುವಾಗ ಹೊರಗೆ ನಿಂತವನಿಗೆ ಇರುವ ದಾರಿ ನೋಡಿ ಕಲಿಯುವುದೊಂದೇ. ಏಕಲವ್ಯನ ಕತೆ ಹೇಳುವವರೆಲ್ಲ ಅವನ ಬಿಲ್ಲನ್ನು ಹೊಗಳುತ್ತಾರೆ, ಹೆಬ್ಬೆರಳಿಗೆ ಕಣ್ಣೀರು ಹಾಕುತ್ತಾರೆ. ಆದರೆ ಏಕಲವ್ಯ ಬಿಲ್ಲು ಹಿಡಿಯುವ ಮುಂಚೆ ಮಾಡಿದ ಕೆಲಸ ಯಾವುದು? ಮಣ್ಣು ಕಲಸಿ ಗುರುವಿನ ರೂಪ ಮಾಡಿದ್ದು. ನನ್ನ ಲೆಕ್ಕದಲ್ಲಿ ಅವನು ನಮ್ಮ ಮೊದಲನೇ ಮುಖ ಬರೆಯುವವನು. ಅಚ್ಚಿನ ಪುಸ್ತಕ ನನಗೆ ಆ ಮಣ್ಣಿನ ದ್ರೋಣನಾಯಿತು. ವಿಂಡ್ಸರ್ ಕೋಟೆಯ ಬಾಗಿಲು ನನಗೆ ತೆರೆಯುವುದಿಲ್ಲ, ಆದರೆ ಅಚ್ಚಾದ ಹಾಳೆ ಯಾರ ಜಾತಿಯನ್ನೂ ಕೇಳುವುದಿಲ್ಲ. ಆದ್ದರಿಂದ ಗೆಳೆಯರಿಗೆ ನನ್ನ ಮೊದಲ ಉತ್ತರ: ಕಲಿತದ್ದು ಎಂಜಲಲ್ಲ. ಯಾರದೋ ಮನೆಯಲ್ಲಿ ಕೂಡಿಟ್ಟಿದ್ದ ಕಾಳನ್ನು ತಂದು ನಮ್ಮ ಹೊಲದಲ್ಲಿ ಬಿತ್ತಿದ್ದು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಸಮಾಧಾನ ಪೂರ್ತಿಯಾಗುತ್ತಿತ್ತು. ನಮ್ಮವ್ವನ ಪ್ರಶ್ನೆ ನಿಲ್ಲಿಸಲು ಬಿಡಲಿಲ್ಲ. ದ್ರೋಣ ಹೆಬ್ಬೆರಳು ಕೇಳಿದ. ಹೋಲ್ಬೈನ್ ಸತ್ತು ಹೋದವನು, ನನ್ನ ಹೆಬ್ಬೆರಳು ಕೇಳಲಿಲ್ಲ, ಆದರೆ ನನಗೇ ತಿಳಿಯದ ಹಾಗೆ ನನ್ನ ಕಣ್ಣನ್ನು ತೆಗೆದುಕೊಂಡಿದ್ದ. ಮುಖ ಅಂದರೆ ಹೀಗಿರಬೇಕು, ಯಾರದು ಬರೆಯತಕ್ಕ ಮುಖ ಯಾರದು ಅಲ್ಲ ಅನ್ನುವ ಅವನ ಕಾಲದ ತೀರ್ಮಾನ ಗೆರೆಯ ಜೊತೆಗೇ ನನ್ನ ಕೈಯೊಳಗೆ ಇಳಿದಿತ್ತು.

ಇದೇ ಹೋಲ್ಬೈನ್ ಬಡವರನ್ನು ಬರೆಯಲೇ ಇಲ್ಲವೆಂದಲ್ಲ. 'ಸಾವಿನ ಕುಣಿತ' ಅಂತ ಅವನ ಮರದಚ್ಚಿನ ಚಿತ್ರಮಾಲೆ 1538ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಪುಸ್ತಕವಾಗಿ ಬಂತು. ರಾಜ, ಪಾದ್ರಿ, ವ್ಯಾಪಾರಿ ಎಲ್ಲರನ್ನೂ ಸಾವು ಬಂದು ಎಳೆದೊಯ್ಯುವ ಚಿತ್ರಗಳು ಅವು. ಅಧಿಕಾರಸ್ಥರನ್ನು ಲೇವಡಿ ಮಾಡುವ ಆ ಚಿತ್ರಗಳನ್ನು ನಾನು ಮೆಚ್ಚುತ್ತೇನೆ. ಅದರಲ್ಲಿ ಒಬ್ಬ ಉಳುವವನಿದ್ದಾನೆ. ಹರಿದ ಬಟ್ಟೆ, ಬಾಗಿದ ಬೆನ್ನು, ನೇಗಿಲ ಮೇಲೆ ಕೈ. ಪಕ್ಕದಲ್ಲಿ ಸಾವು ಓಡಿಕೊಂಡು ಅವನ ಕುದುರೆಗಳನ್ನು ಹೊಡೆಯುತ್ತಿದೆ. ಆಸ್ಥಾನದವನಿಗೆ ಒಂದು ಪೂರ್ತಿ ಹಾಳೆ, ಹೆಸರು, ಹುಬ್ಬಿನ ಒಂದೊಂದು ಕೂದಲು. ಉಳುವವನಿಗೆ ಹೆಸರಿಲ್ಲ. ಅವನು ಚಿತ್ರದೊಳಗೆ ಬಂದದ್ದೇ ಸಾವಿನ ಜೊತೆಯಲ್ಲಿ.

ಇದನ್ನು ನೋಡಿದ ಮೇಲೆ ನಮ್ಮ ಸುತ್ತಲಿನ ವೀರಗಲ್ಲುಗಳು ನನಗೆ ಬೇರೆಯಾಗಿ ಕಾಣತೊಡಗಿದವು. ಶಿಕಾರಿಪುರ, ಸೊರಬದ ಕಡೆ ಊರೂರಿಗೆ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಮೂರು ಅಂಕಣ: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ಊರಿನ ದನ ಹಿಡಿದುಕೊಂಡು ಹೋಗುವವರಿಗೆ ಅಡ್ಡ ನಿಂತು ಸತ್ತವರ ಕಲ್ಲುಗಳೂ ಇವುಗಳಲ್ಲಿ ಇವೆ. ಸಾಮಾನ್ಯ ಮನುಷ್ಯ ಕಲ್ಲಿನ ಮೇಲೆ ಬಂದ ಜಾಗ ಇದೇ. ಆದರೆ ಆ ಕಲ್ಲಿನಲ್ಲಿರುವುದು ಅವನ ಮುಖವಲ್ಲ. ಒಂದು ಕಲ್ಲಿನ ವೀರನನ್ನೂ ಇನ್ನೊಂದು ಕಲ್ಲಿನ ವೀರನನ್ನೂ ಮುಖ ನೋಡಿ ಬೇರೆ ಮಾಡಲು ಆಗುವುದಿಲ್ಲ. ಬದುಕಿದ್ದಾಗ ಅವನನ್ನು ಯಾರೂ ಎದುರಿಗೆ ಕೂರಿಸಿಕೊಂಡು ನೋಡಿರಲಿಲ್ಲ. ಸತ್ತ ಮೇಲೆ ರೂಢಿಯ ಒಂದು ಮುಖ ಅಂಟಿಸಿದರು.

ಎಂಟುನೂರು, ಒಂಬೈನೂರು ವರ್ಷದ ಹಿಂದಿನ ಮಾತು ಇದು, ಈಗ ಕಾಲ ಬದಲಾಗಿದೆ ಅನ್ನುವವರಿದ್ದಾರೆ. 2000ದ ಮಾರ್ಚ್ 11ರಂದು ಕೋಲಾರದ ಕಡೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಗೆ ಬೆಂಕಿ ಇಟ್ಟು ಸುಟ್ಟರು. ಅದಕ್ಕೆ ಒಂದು ವಾರ ಮುಂಚೆ ಅವರ ಮುಖ ಯಾವ ಪೇಪರಿನವರಿಗೆ ಬೇಕಿತ್ತು? ನಮ್ಮ ಜನ ಸುದ್ದಿಯಾಗಲು, ಚಿತ್ರವಾಗಲು ಸಾಯಬೇಕು. ಹೋಲ್ಬೈನನ ಉಳುವವ, ವೀರಗಲ್ಲಿನ ಆಳು, ಪೇಪರಿನ ಮೊದಲ ಪುಟದ ಹೆಣ, ಮೂರನ್ನೂ ಒಂದೇ ಪದ್ಧತಿ ಬರೆದಿದೆ.

ಹಾಗಾದರೆ ಉಳಿದ ಕೆಲಸ ಸುಲಭ, ಬದುಕಿರುವಾಗಲೇ ನಮ್ಮ ಜನರ ಮುಖ ಬರೆದರಾಯಿತು ಅಂತ ನನಗೂ ಅನ್ನಿಸಿತ್ತು. ಇಲ್ಲಿ ಇನ್ನೊಂದು ಗಂಟು ಇದೆ, ಅದನ್ನು ನಾವು ಕಲೆಯ ಬಗ್ಗೆ ಮಾತಾಡುವವರು ಮರೆತುಬಿಡುತ್ತೇವೆ. ಮುಖ ಬರೆಯುವುದು ಅಂದರೆ ಇನ್ನೊಬ್ಬರನ್ನು ದಿಟ್ಟಿಸಿ ನೋಡುವುದು. ನೋಡುವ ಹಕ್ಕು ಯಾರು ಕೊಟ್ಟರು?

ಸೊರಬ ತಾಲ್ಲೂಕಿನ ಚಂದ್ರಗುತ್ತಿ ನಮಗೆ ದೂರವೇನಲ್ಲ. ಅಲ್ಲಿ ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. ಹೆಚ್ಚಾಗಿ ದಲಿತರ, ಕೆಳಜಾತಿಯ ಹೆಣ್ಣುಮಕ್ಕಳು ನದಿಯಲ್ಲಿ ಮುಳುಗಿ ಬರಿಮೈಯಲ್ಲಿ ಗುಡ್ಡ ಹತ್ತುತ್ತಿದ್ದರು. 1986ರ ಮಾರ್ಚ್‌ನಲ್ಲಿ ಇದು ಬೇಡ ಅಂತ ಹೇಳಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು ಬಟ್ಟೆ ಬಿಚ್ಚಿ ಮೆರೆಸಿದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ವರ್ಷ ವರ್ಷವೂ ಆ ಹೆಣ್ಣುಮಕ್ಕಳನ್ನು ಸಾವಿರಾರು ಕಣ್ಣುಗಳು ನೋಡಿದ್ದವು. ಅಷ್ಟು ಕಣ್ಣು ನೋಡಿದರೂ ಅವರ ಮುಖವನ್ನು ನೋಡಿದವರು ಎಷ್ಟು ಜನ? ನೋಡಿಸಿಕೊಂಡವರಿಗೆ ತಿರುಗಿ ನೋಡುವ ಧೈರ್ಯ ಇರಲಿಲ್ಲ. ಬೇಡ ಅನ್ನುವ ಬಾಯಿಯನ್ನು ದೇವರ ಹೆಸರಲ್ಲಿ ಕಟ್ಟಿತ್ತು. ಅಲ್ಲಿ ಕೊರತೆಯಾಗಿದ್ದು ನೋಟವಲ್ಲ. ನೋಡಿಸಿಕೊಳ್ಳುವವಳ ಒಪ್ಪಿಗೆ.

ಹೋಲ್ಬೈನನ ಎದುರು ಕೂತವರು ಹಾಗಲ್ಲ. ಅವರಲ್ಲಿ ಎಷ್ಟೋ ಜನ ದುಡ್ಡು ಕೊಟ್ಟು ಬರೆಸಿಕೊಂಡವರು. ಸಾಕು ಎದ್ದು ಹೋಗುತ್ತೇನೆ ಅನ್ನಬಲ್ಲವರು, ಇದು ನನ್ನ ಹಾಗಿಲ್ಲ ಅಂತ ಗದರಿಸಬಲ್ಲವರು. ಆ ಚಿತ್ರಗಳಲ್ಲಿ ಕಾಣುವ ಘನತೆಗೆ ಅರ್ಧ ಕಾರಣ ಬರೆದವನ ಕೈ, ಇನ್ನರ್ಧ ಕೂತವರ ಈ ಸ್ವಾತಂತ್ರ್ಯ. ನಕಲು ಮಾಡಿದರೆ ಕೈಯ ಪಾಲು ಬರುತ್ತದೆ, ಕೂತವರ ಪಾಲು ಬರುವುದಿಲ್ಲ. ಅಚ್ಚಿನ ಹಾಳೆ ಎದ್ದು ಹೋಗುವುದಿಲ್ಲ, ಕೂಲಿ ಕೇಳುವುದಿಲ್ಲ, ನಮ್ಮನ್ನು ತಿರುಗಿ ನೋಡುವುದೂ ಇಲ್ಲ.

ನಮ್ಮವ್ವ ಆ ದಿನ ಹೇಗೆ ಕೂತಿದ್ದಳು ಅಂತ ಆಮೇಲೆ ನೆನಪು ಮಾಡಿಕೊಂಡೆ. "ಮುಖ ಎತ್ತವ್ವ" ಅಂತ ಹತ್ತು ಸಲ ಹೇಳಿದ್ದೆ. ಎತ್ತುತ್ತಿದ್ದಳು, ಒಂದು ಗಳಿಗೆಗೆ ಮತ್ತೆ ನೆಲಕ್ಕೆ ಬೀಳುತ್ತಿತ್ತು. ಯಜಮಾನರ ಅಂಗಳದಲ್ಲಿ ಜೀವಮಾನ ಪೂರ್ತಿ ತಲೆ ತಗ್ಗಿಸಿ ನಿಂತ ಕತ್ತು ಅದು. ನಾನು ರೇಗಿದೆ, ಗಲ್ಲಕ್ಕೆ ಕೈ ಹಾಕಿ ಮುಖ ಎತ್ತಿದೆ. ಎತ್ತಿದ ಮೇಲೆ ಅವಳ ಮುಖದಲ್ಲಿ ಕಂಡದ್ದನ್ನು ಬರೆಯಲಾರದೆ, ನಕಲು ಮಾಡಿ ಕಲಿತಿದ್ದ ಕಣ್ಣನ್ನು ಅಲ್ಲಿ ಕೂರಿಸಿಬಿಟ್ಟೆ. ಅವಳ ಒಪ್ಪಿಗೆ ಕೇಳಿರಲಿಲ್ಲ. ಮಗ ಅಂತ ಅವಳು ಸುಮ್ಮನೆ ಕೂತಿದ್ದಳು. ಎಳೆದು ತಂದು ನಿಲ್ಲಿಸಿದವರನ್ನು ಬೈಯುವ ನಾನು ನಮ್ಮನೆ ಜಗಲಿಯ ಮೇಲೆ ಮಾಡಿದ್ದು ಬಹಳ ಬೇರೆಯೇನಲ್ಲ.

ಕಾಗದದ ಮಾತನ್ನೂ ಹೇಳಬೇಕು. ಎರಡನೇ ಸಲ ಇಂಗ್ಲೆಂಡಿಗೆ ಹೋದ ಮೇಲೆ ಹೋಲ್ಬೈನ್ ಕಾಗದಕ್ಕೆ ಮೊದಲೇ ತೆಳು ಗುಲಾಬಿ ಬಣ್ಣ ಬಳಿದುಕೊಂಡು ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದ. ಯಾಕೆಂದರೆ ಆ ಬಣ್ಣವೇ ಕೂತವರ ಚರ್ಮ. ಚರ್ಮಕ್ಕೆ ಬೇರೆ ಬಣ್ಣ ಹಚ್ಚುವ ಕೆಲಸ ಅರ್ಧ ಉಳಿಯಿತು. ನಾನು ಅದನ್ನೂ ನಕಲು ಮಾಡಿದ್ದೆ, ಗುಲಾಬಿ ಬಣ್ಣದ ಡ್ರಾಯಿಂಗ್ ಹಾಳೆ ಹುಡುಕಿ ತಂದು ಅದರ ಮೇಲೆ ನಮ್ಮವ್ವನನ್ನು ಬರೆದಿದ್ದೆ! ಒಂದು ಗೆರೆ ಎಳೆಯುವ ಮುಂಚೆಯೇ ಆ ಹಾಳೆ ಅವಳನ್ನು ಹೊರಗೆ ನಿಲ್ಲಿಸಿತ್ತು. ಮುಂದಿನ ಸಲ ಮಕ್ಕಳ ಪುಸ್ತಕಕ್ಕೆ ಹಾಕುವ ಕಂದು ಬೈಂಡಿನ ಕಾಗದ ತಂದೆ. ಅದರ ಮೇಲೆ ಕಪ್ಪು ಬಳಪ ನೆರಳಾಯಿತು, ಬಿಳಿ ಸೀಮೆಸುಣ್ಣ ಬೆಳಕಾಯಿತು, ಹಣೆ ಮತ್ತು ಕೆನ್ನೆಯ ಮೂಳೆ ತಾವಾಗಿಯೇ ಮೇಲೆದ್ದವು. ಉಪಾಯ ಹೋಲ್ಬೈನನದೇ: ಚರ್ಮದ ಬಣ್ಣವನ್ನು ಕಾಗದದಲ್ಲೇ ಹಿಡಿ. ಅವನ ಗುಲಾಬಿ ಬಿಟ್ಟು ಉಪಾಯ ಇಟ್ಟುಕೊಂಡೆ. ಗೆಳೆಯರಿಗೆ ನನ್ನ ಎರಡನೇ ಉತ್ತರ ಇದರಲ್ಲಿದೆ. ಒಡೆಯರ ಮನೆಯಿಂದ ವಿದ್ಯೆ ತರುವಾಗ ಬೀಸುವ ಕಲ್ಲನ್ನು ತರಬಹುದು, ಅವರ ಹಿಟ್ಟನ್ನು ತರಬೇಕಾಗಿಲ್ಲ.

ಆ ಎರಡನೇ ಸಲ ನಾನು ಅವಳನ್ನು ಕೇಳಿದೆ. "ಕೂರ್ತೀಯೇನವ್ವ? ಬ್ಯಾಡ ಅಂದ್ರೆ ಬ್ಯಾಡ." ಶುಂಠಿ ಕೀಳುವ ಕೆಲಸ ನಡೆದಿತ್ತು, "ಇವತ್ತಿನ ಕೂಲಿ ಯಾರು ಕೊಡ್ತಾರೋ?" ಅಂದಳು. ಆ ದಿನದ ಕೂಲಿ ನಾನು ಕೊಟ್ಟೆ. ನಗಬೇಡಿ, ಬಡವರ ಒಪ್ಪಿಗೆಗೆ ಆ ಲೆಕ್ಕವೂ ಸೇರಿದೆ. ಮುಖ ಎತ್ತು ಅಂತ ಹೇಳಲಿಲ್ಲ, ಅವಳು ಎಲೆಅಡಿಕೆ ಹಾಕಿಕೊಂಡು ಹೇಗೆ ಕೂತಳೋ ಹಾಗೇ ಬರೆದೆ. ಮುಖ ತಗ್ಗಿತ್ತು, ತಗ್ಗಿದ್ದನ್ನೇ ಬರೆದೆ. ಅರ್ಧ ಗಂಟೆ ಕಳೆದ ಮೇಲೆ ನಾನು ಏನು ಮಾಡುತ್ತಿದ್ದೇನೆ ಅಂತ ತಾನೇ ತಲೆ ಎತ್ತಿ ನೋಡಿದಳು. ಆ ನೋಟ ನನಗೆ ಸರಿಯಾಗಿ ಬಂದಿಲ್ಲ, ಬಲಗಣ್ಣು ಕೆಟ್ಟಿದೆ. ಹಾಳೆ ಅವಳ ಹತ್ತಿರವೇ ಇದೆ.

ಇದು ಮನೆಯೊಳಗಿನ ಮಾತಾಯಿತು. ಶಾಲೆಯಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಏಳನೇ ತರಗತಿಯ ಮಕ್ಕಳಿಗೆ ಒಂದು ತಿಂಗಳು ಅಚ್ಚಿನ ಮುಖಗಳನ್ನು ನಕಲು ಮಾಡಿಸಿದೆ. ಆಮೇಲೆ ಅಚ್ಚನ್ನೆಲ್ಲ ಒಳಗಿಟ್ಟು, ಹಾಜರಿ ಪುಸ್ತಕದ ಸಾಲಿನ ಪ್ರಕಾರ ಇಬ್ಬಿಬ್ಬರನ್ನು ಎದುರು ಬದುರು ಕೂರಿಸಿ ಒಬ್ಬರ ಮುಖ ಒಬ್ಬರು ಬರೆಯಿರಿ ಅಂದೆ. ಮಾರನೇ ದಿನ ಒಬ್ಬ ಪೋಷಕರು ಬಂದರು. "ನಮ್ಮ ಹುಡುಗನ ಮುಖ ಆ ಕೇರಿ ಹುಡುಗ ಯಾಕ್ರೀ ಬರೀಬೇಕು?" ಅಂದರು. ಮುಟ್ಟಿರಲಿಲ್ಲ, ಬೈದಿರಲಿಲ್ಲ. ಒಂದು ತಾಸು ದಿಟ್ಟಿಸಿ ನೋಡಿದ್ದ, ಅಷ್ಟೇ. ಅದೇ ಜೋಡಿಯಲ್ಲಿ ಅವರ ಹುಡುಗ ಕೇರಿಯ ಹುಡುಗನ ಮುಖ ಬರೆದಿದ್ದಕ್ಕೆ ಅವರ ತಕರಾರು ಇರಲಿಲ್ಲ. ಜಾತಿ ಎಲ್ಲೆಲ್ಲಿ ಕೂತಿರುತ್ತದೆ ಅಂತ ನನಗೆ ಆವತ್ತು ಗೊತ್ತಾಯಿತು. ನಾವು ಅವರ ಬಾವಿ ಮುಟ್ಟಬಾರದು ಅನ್ನುವುದು ಒಂದಾದರೆ, ನಾವು ಅವರನ್ನು ನೋಡಬಾರದು, ಅವರು ನಮ್ಮನ್ನು ನೋಡಬಹುದು ಅನ್ನುವುದು ಇನ್ನೊಂದು.

ಮೇಲಿನವರು ಮಡಕೆ, ಮಾವಿನಕಾಯಿ ಬರೆಸಿ ಸಾಕು ಅಂದರು. ನಾನು ಹೂಂ ಅಂದೆ. ಮೂರು ವಾರ ಮಡಕೆ ಬರೆಸಿದೆ. ಇದನ್ನು ಮುಚ್ಚಿಟ್ಟು ಈ ಪ್ರಬಂಧ ಬರೆದರೆ ಅದು ಸುಳ್ಳಾಗುತ್ತದೆ. ನಾಲ್ಕನೇ ವಾರ ಆ ಕೇರಿಯ ಹುಡುಗ ನೋಟ್‌ಬುಕ್ಕಿನ ಹಿಂದೆ ಬಾಬಾಸಾಹೇಬರ ಮುಖ ಬರೆದುಕೊಂಡು ಬಂದು ತೋರಿಸಿದ. ಕ್ಯಾಲೆಂಡರಿನ ಫೋಟೋ ಮೇಲೆ ಚೌಕ ಎಳೆದು ಚೌಕ ಲೆಕ್ಕದಲ್ಲಿ ಇಳಿಸಿದ್ದ. ನಮ್ಮ ಕೇರಿಗಳಲ್ಲಿ ಏಪ್ರಿಲ್ 14 ಬಂದರೆ ಗೋಡೆಯ ಮೇಲೆ, ಬೋರ್ಡಿನ ಮೇಲೆ, ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ಆ ಮುಖ ಬರೆಯುತ್ತಾರೆ. ನಕಲಿನ ನಕಲು ಅದು. ಕನ್ನಡಕ ಒಂದು ಕಡೆ ಸೊಟ್ಟ, ಟೈ ಉದ್ದ. ಆದರೂ ಅದನ್ನು ಎಂಜಲು ಅನ್ನಲು ಯಾರಿಗೆ ಬಾಯಿ ಬಂದೀತು? ತಗ್ಗಿದ ಕತ್ತಿನ ಜನ ತಮ್ಮ ಕೈಯಾರೆ ಬರೆದುಕೊಂಡ, ಕತ್ತು ಎತ್ತಿ ನಿಂತ ಮುಖ ಅದು. "ಕಣ್ಣು ಸರಿ ಬಂದಿಲ್ಲ ಸಾರ್, ಹೆಂಗೆ ಬರೀಬೇಕು ತೋರ್ಸಿ" ಅಂದ. ಅವನಿಗೆ ಮಡಕೆ ತೋರಿಸಲು ನನಗೆ ನಾಚಿಕೆಯಾಯಿತು.

ಮುಂದಿನ ಸೋಮವಾರದಿಂದ ಮತ್ತೆ ಮುಖ ಶುರುಮಾಡಿದೆ. ಈ ಸಲ ಒಂದು ನಿಯಮ ಇಟ್ಟೆ. ಎದುರಿಗೆ ಕೂರುವವರನ್ನು ಮೊದಲು ಕೇಳಬೇಕು, ಬೇಡ ಅಂದರೆ ಬಿಡಬೇಕು, ಬರೆದದ್ದನ್ನು ಅವರಿಗೆ ಕೊಡಬೇಕು. ಬೇಡ ಅಂದವರೂ ಇದ್ದರು. ಯಾರು ಯಾರಿಗೆ ಬೇಡ ಅಂದರು ಅನ್ನುವುದು ಇಡೀ ತರಗತಿಗೆ ಕಾಣುತ್ತಿತ್ತು, ಅದರ ಬಗ್ಗೆ ಮಕ್ಕಳೇ ಮಾತಾಡಿದರು. ಆ ಪೋಷಕರು ಎರಡನೇ ಸಲ ಬಂದಾಗ, "ನಿಮ್ಮ ಹುಡುಗನನ್ನು ಕೇಳಿದ್ದೇವೆ, ಅವನು ಹೂಂ ಅಂದ" ಅಂತ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ನನಗೆ ಬೇರೆ ಊರಿಗೆ ವರ್ಗವಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಹೇಳಲಾರೆ.

ಹಳ್ಳಿ ಶಾಲೆಗಳ ಮೇಷ್ಟ್ರುಗಳೇ, ನಿಮ್ಮಲ್ಲಿ ಎಷ್ಟೋ ಜನರ ಬೀರುವಿನಲ್ಲಿ ಇಂಥ ಅಚ್ಚಿನ ಪುಸ್ತಕ ಧೂಳು ತಿನ್ನುತ್ತಿರುತ್ತದೆ. ಹೊರಗೆ ತೆಗೆಯಿರಿ. ಹೋಲ್ಬೈನನನ್ನಾಗಲಿ, ಗುಡಿಯ ಗೋಡೆಯನ್ನಾಗಲಿ ಮಕ್ಕಳು ಧೈರ್ಯವಾಗಿ ನಕಲು ಮಾಡಲಿ, ಕೈ ಪಳಗಲಿ. ಪಳಗಿದ ದಿನ ಪುಸ್ತಕ ಮುಚ್ಚಿ ಮಕ್ಕಳನ್ನು ಎದುರು ಬದುರು ಕೂರಿಸಿ, ಊರಿನ ಮಗು ಕೇರಿಯ ಮಗುವನ್ನು ನೋಡಲಿ, ಕೇರಿಯ ಮಗು ಊರಿನ ಮಗುವನ್ನು ಅಷ್ಟೇ ಹೊತ್ತು ನೋಡಲಿ. ಮುಖ ಸೊಟ್ಟ ಬಂದರೆ ತಿದ್ದಬಹುದು. ಬಾಗಿಲಿಗೆ ಯಾರಾದರೂ ಬಂದು ಯಾಕೆ ಅಂತ ಕೇಳುತ್ತಾರೆ. ಆಗ ಮಡಕೆಗೆ ವಾಪಸು ಹೋಗಬೇಡಿ. ನಾನು ಹೋಗಿದ್ದೆ, ಆ ಮೂರು ವಾರ ಇನ್ನೂ ನನ್ನ ಲೆಕ್ಕದಲ್ಲಿ ಬಾಕಿ ಇದೆ.